ಮದುವೆಗೆ ಎಷ್ಟು ಪಿಟೀಲು?

ನಮ್ಮಣ್ಣನ ಮಗಳ ಮದುವೆ ನಿಶ್ಚಯವಾದ ಮೇಲೆ ಮನೆಯವರೆಲ್ಲ ಕೂತು ಕೆಲಸ ಹಂಚಿಕೊಂಡರು. ಊಟ ಅಣ್ಣನಿಗೆ, ಸೀರೆ ಅತ್ತಿಗೆಗೆ, ಹಾಲು ಮತ್ತು ವಾಹನ ಭಾವನಿಗೆ. ನನ್ನ ಪಾಲಿಗೆ ಬಂದದ್ದು ಚರ್ಚಿನೊಳಗಿನ ಸಂಗೀತ. ನನಗೆ ಸಂಗೀತ ಬರುತ್ತದೆ ಎಂದಲ್ಲ. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ‘ಶಬ್ದ’ ಎಂಬ ಪಾಠ ಮಾಡುತ್ತಿದ್ದೇನೆ ಎಂಬ ಒಂದೇ ಅರ್ಹತೆಯ ಮೇಲೆ ಈ ಜವಾಬ್ದಾರಿ. ಶಬ್ದಕ್ಕೂ ಸಂಗೀತಕ್ಕೂ ಇರುವ ಅಂತರ ಎಷ್ಟೆಂದು ನಮ್ಮ ಮನೆಯವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬೇರೆ ಯಾರೂ ಒಪ್ಪಲಿಲ್ಲ.

ಮದುವೆ 2023ರ ಮೇ ತಿಂಗಳಲ್ಲಿ, ಕರಾವಳಿಯ ನಮ್ಮ ಹಳೆಯ ಚರ್ಚಿನಲ್ಲಿ. ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಫೋನಿನಲ್ಲೇ ಪಟ್ಟಿ ಓದಿದಳು: “ಚಿಕ್ಕಪ್ಪ, ನಾಲ್ಕು ವಯಲಿನ್, ಒಂದು ಟ್ರಂಪೆಟ್, ಆಮೇಲೆ ಒಳ್ಳೆಯ ಕೀಬೋರ್ಡಿನವ ಒಬ್ಬ.” ನಾನು ಬರೆದುಕೊಂಡೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. “ಮತ್ತೆ, ಆರ್ಗನ್ ಮಾಸ್ಟ್ರಿಗೆ ಈ ಸಲ ಬೇಡ ಅಂತ ನೀವೇ ಹೇಳಬೇಕು” ಎಂದಳು.

ಹೆಚ್ಚುವರಿ ವಾದ್ಯದವರನ್ನು ಆರಿಸುವುದು ಅಂದರೆ ಇರುವವರ ಜೊತೆಗೆ ಇನ್ನಷ್ಟು ಜನ ಎಂದು ನಾನು ತಿಳಿದಿದ್ದೆ. ಇರುವವರನ್ನು ಎಬ್ಬಿಸಿ ಆ ಜಾಗಕ್ಕೆ ಬೇರೆಯವರನ್ನು ಕೂರಿಸುವುದು ಎಂಬ ಅರ್ಥವೂ ಅದಕ್ಕುಂಟು ಎಂದು ಆಗ ಗೊತ್ತಾಯಿತು.

ಆರ್ಗನ್ ಮಾಸ್ಟ್ರ ವಿಷಯ ಹೇಳಬೇಕು. ವಯಸ್ಸು ಎಪ್ಪತ್ತೆಂಟು. ನಮ್ಮ ಚರ್ಚಿನ ಪೆಡಲ್ ಆರ್ಗನ್‌ಗೆ ಐವತ್ತು ವರ್ಷದಿಂದ ಅವರ ಕಾಲೇ ಗಾಳಿ ಹಾಕಿದ್ದು. ಚರ್ಚಿನ ಆರ್ಗನ್ ಎಂದರೆ ಸಿನಿಮಾದಲ್ಲಿ ಕಾಣುವ ಗೋಡೆಯೆತ್ತರದ ಕೊಳವೆಗಳದ್ದು ಎಂದುಕೊಳ್ಳಬೇಡಿ. ನಮ್ಮದು ಹಾರ್ಮೋನಿಯಂನ ದೊಡ್ಡಣ್ಣ. ಎರಡು ಕಾಲಿನಿಂದ ತುಳಿದರೆ ತಿದಿ ಉಬ್ಬುತ್ತದೆ, ಗಾಳಿ ಹಿತ್ತಾಳೆಯ ತೆಳು ನಾಲಿಗೆಗಳನ್ನು ಅದುರಿಸುತ್ತದೆ. ಅಣ್ಣನ ಮದುವೆಗೆ, ನನ್ನ ಮದುವೆಗೆ, ನಮ್ಮ ತಂದೆಯವರ ಶವಸಂಸ್ಕಾರಕ್ಕೆ ನುಡಿಸಿದವರು ಅವರೇ. ಸಂಡೇಸ್ಕೂಲಿನಲ್ಲಿ ನನಗೆ ಹಾಡು ಹೇಳಿಕೊಡಲು ಹೋಗಿ ಸೋತವರೂ ಅವರೇ. ಈಗ ಕಿವಿ ಮಂದವಾಗಿದೆ. ಹಿಂದಿನ ಕ್ರಿಸ್ಮಸ್ಸಿನಲ್ಲಿ ಗಾಯನ ಮಂಡಳಿ ಹಾಡು ಮುಗಿಸಿ ಕೂತ ಮೇಲೂ ಅವರು ಕೊನೆಯ ಸಾಲನ್ನು ಇನ್ನೊಮ್ಮೆ ಪೂರ್ತಿ ನುಡಿಸಿದರು. ಹಿಂದಿನ ಬೆಂಚಿನ ಹುಡುಗರು ನಕ್ಕರು. ಅವರಿಗೆ ಕೇಳಿಸಲಿಲ್ಲ ಎಂದೇ ಎಲ್ಲರೂ ಭಾವಿಸಿದೆವು.

ಅವರಲ್ಲಿಗೆ ಹೋಗಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಧೈರ್ಯವಿಲ್ಲದಾಗ ಮೇಷ್ಟ್ರುಗಳು ಮಾಡುವುದನ್ನೇ ಮಾಡಿದೆ. ವಿಷಯದ ಅಧ್ಯಯನಕ್ಕೆ ತೊಡಗಿದೆ.

ಮೊದಲು ಸಭಾಪಾಲಕರ ಬಳಿ ಹೋದೆ. ಇಂಥ ಏರ್ಪಾಡು ಮಾಡುವವರು ಯಾರೇ ಇರಲಿ, ಮುಂಗಡ ಕೊಡುವ ಮೊದಲು ಅಲ್ಲಿಗೆ ಹೋಗುವುದು ಒಳ್ಳೆಯದು. ವಾದ್ಯದವರನ್ನು ಗೊತ್ತುಮಾಡಿ ಆಮೇಲೆ ಅಪ್ಪಣೆ ಕೇಳಿದರೆ ಹಣವೂ ಹೋಗುತ್ತದೆ, ಮುಖವೂ ಕೆಡುತ್ತದೆ. ಚರ್ಚಿನೊಳಗೆ ಯಾವ ವಾದ್ಯ ಸಲ್ಲುತ್ತದೆ ಎಂಬುದು ಹಳೆಯ ವ್ಯಾಜ್ಯ. 1903ರಲ್ಲಿ ಹತ್ತನೆಯ ಪಯಸ್ ಪೋಪರು ಪಿಯಾನೊ, ಡೋಲು, ತಾಳ ಇವನ್ನೆಲ್ಲ ಕೆಥೊಲಿಕ್ ಚರ್ಚುಗಳೊಳಗೆ ನಿಷೇಧಿಸಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಕೊಳವೆ ಆರ್ಗನ್‌ಗೆ ಮೊದಲ ಗೌರವವನ್ನು ಉಳಿಸಿಕೊಂಡೇ, ಆರಾಧನೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮದು ಪ್ರೊಟೆಸ್ಟಂಟ್ ಸಭೆ, ಆ ನಿಯಮಗಳು ನಮಗೆ ಅನ್ವಯಿಸುವುದಿಲ್ಲ. ಆದರೂ ನಮ್ಮ ಸಭಾಪಾಲಕರಿಗೆ ಅವರದೇ ಆದ ಒಂದು ಕಿರು ವ್ಯಾಟಿಕನ್ ಉಂಟು. ಸಿನಿಮಾ ಹಾಡು ಇಲ್ಲ, ಡ್ರಮ್ ಇಲ್ಲ, ಪ್ರಾರ್ಥನೆಯ ಹಿಂದೆ ಮೆಲ್ಲನೆ ನುಡಿಸುವುದಂತೂ ಇಲ್ಲವೇ ಇಲ್ಲ. “ದೇವರಿಗೆ ಹಿನ್ನೆಲೆ ಸಂಗೀತ ಬೇಡ ಮಾಸ್ಟ್ರೇ” ಎಂದರು.

ಮದುಮಗಳು ಒಳಬರುವಾಗ ಎಲ್ಲರೂ ಕೇಳುವ ಆ ಪ್ರಸಿದ್ಧ ರಾಗದ ಮಾತೂ ಬಂತು. ಅದು ವಾಗ್ನರನ ‘ಲೋಹೆನ್‌ಗ್ರಿನ್’ ಎಂಬ ಆಪೆರಾದ್ದು, 1850ರಲ್ಲಿ ಮೊದಲು ರಂಗಕ್ಕೆ ಬಂದದ್ದು. ಕಥೆಯಲ್ಲಿ ಆ ಹಾಡು ಬರುವುದು ಮದುವೆಗೆ ಮೊದಲಲ್ಲ, ಮದುವೆಯಾದ ಮೇಲೆ ಗಂಡಹೆಂಡಿರನ್ನು ಕೋಣೆಗೆ ಕಳಿಸುವಾಗ. ಹಾಡು ಮುಗಿದು ಸ್ವಲ್ಪ ಹೊತ್ತಿಗೆ ಆ ಸಂಸಾರವೇ ಮುರಿದುಬೀಳುತ್ತದೆ. ಹೊರಹೋಗುವಾಗ ನುಡಿಸುವ ಮೆಂಡೆಲ್ಸನ್ನನ ನಡಿಗೆಯೂ 1842ರ ನಾಟಕ ಸಂಗೀತವೇ. ವಿಕ್ಟೋರಿಯಾ ರಾಣಿಯ ಹಿರಿಮಗಳ 1858ರ ಮದುವೆಯಲ್ಲಿ ನುಡಿಸಿದ ಮೇಲೆ ಅದು ಲೋಕದ ಮದುವೆಗಳ ಪಾಲಾಯಿತು. ಕತ್ತೆಯ ತಲೆಯವನನ್ನು ಯಕ್ಷರಾಣಿ ಮೋಹಿಸುವ ಶೇಕ್ಸ್‌ಪಿಯರನ ನಾಟಕಕ್ಕೆ ಬರೆದದ್ದು ಎಂದು ನಾನೆಂದೆ. ಸಭಾಪಾಲಕರು ನಕ್ಕು, “ಅದನ್ನು ಮದುಮಗನಿಗೆ ಹೇಳಬೇಡಿ” ಎಂದರು.

ಅಣ್ಣನಿಗೆ ಬೇರೆಯದೇ ಆಸೆ. “ಸ್ಯಾಕ್ಸೊಫೋನ್ ಕರೆಸು ಮಾರಾಯ. ನಮ್ಮ ಜಿಲ್ಲೆಯ ಮದುವೆಗೆ ಅದಿಲ್ಲದಿದ್ದರೆ ಹೇಗೆ?” ಅವನ ಮಾತು ಸುಳ್ಳಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತ ಬಂಟ್ವಾಳ ತಾಲೂಕಿನ ಹುಡುಗನೊಬ್ಬನ ಕೈಗೆ ಸಿಕ್ಕಿ ಕರ್ನಾಟಕ ಸಂಗೀತದ ವಾದ್ಯವಾಯಿತು. ಕದ್ರಿ ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಆದರೆ ನಮ್ಮ ಕಡೆಯ ದೇವಸ್ಥಾನಗಳಲ್ಲೂ ಮದುವೆ ಮಂಟಪಗಳಲ್ಲೂ ಆ ವಾದ್ಯ ನಿಂತಿಲ್ಲ. ಪಿಟೀಲು ಕೂಡ ಹೀಗೇ ಹಡಗಿನಲ್ಲಿ ಬಂದು ನಮ್ಮದಾದದ್ದಲ್ಲವೇ? ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು, ಅವರ ತಮ್ಮ ಬಾಲುಸ್ವಾಮಿ ಪಿಟೀಲು ಕಲಿತರು. ನಮ್ಮ ಚರ್ಚಿನ ಹಾಡುಗಳದ್ದು ಇದರ ತಿರುಗುಮುರುಗು ಕಥೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಮಟ್ಟಿಗೆ ಕನ್ನಡ ಮಾತು ಹೊಂದಿಸಿದರು. ನಿಘಂಟಿನ ಕಿಟೆಲ್ ಒಂದು ಹೆಜ್ಜೆ ಮುಂದೆ ಹೋಗಿ 1862ರಲ್ಲಿ ಕ್ರಿಸ್ತನ ಕಥೆಯನ್ನು ದೇಸೀ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದರು. ಯಾವ ವಾದ್ಯ ಯಾರದು ಎಂಬ ಜಗಳವನ್ನು ನಾನು ಆಡುವುದಿಲ್ಲ. ಅಣ್ಣನಿಗೆ ಹೇಳಿದ್ದು ಇಷ್ಟೇ: ಸ್ಯಾಕ್ಸೊಫೋನ್ ಊಟದ ಹಾಲಿಗೆ ಬರಲಿ. ಚರ್ಚಿನೊಳಗೆ ಅದರ ಎದುರು ನಮ್ಮ ಆರ್ಗನ್ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ಈಗ ಎಷ್ಟು ಜನ ಎಂಬ ಪ್ರಶ್ನೆ. ನಾಲ್ಕು ಪಿಟೀಲಾದರೆ ನಾಲ್ಕು ಪಟ್ಟು ಜೋರು ಎಂದು ಹುಡುಗಿಯ ಲೆಕ್ಕ. ನಮ್ಮ ಕಿವಿ ಹಾಗೆ ಕೂಡುವುದಿಲ್ಲ. ಒಂದು ಪಿಟೀಲಿಗೆ ಇನ್ನೊಂದು ಸೇರಿದರೆ ಹೆಚ್ಚುವುದು ಮೂರು ಡೆಸಿಬೆಲ್. ಗಮನಿಸಿ ಕೇಳಿದರೆ ಗೊತ್ತಾಗುತ್ತದೆ, ಅಷ್ಟೆ. ಇಮ್ಮಡಿ ಜೋರು ಎಂದು ಅನ್ನಿಸಬೇಕಾದರೆ ಸುಮಾರು ಹತ್ತು ಪಿಟೀಲು ಬೇಕು. ಎರಡನೆಯವರಿಗೆ ಕೊಡುವ ಹಣ ಜೋರಿಗಾಗಿ ಅಲ್ಲ, ಅವರು ಬೇರೆ ಸ್ವರ ನುಡಿಸುತ್ತಾರೆ ಎಂಬುದಕ್ಕಾಗಿ. ಇಬ್ಬರೂ ಒಂದೇ ಸ್ವರ ನುಡಿಸಿದರೆ ಲಾಭಕ್ಕಿಂತ ಅಪಾಯವೇ ಹೆಚ್ಚು. ಒಬ್ಬರ ತಂತಿ ಸೆಕೆಂಡಿಗೆ 440 ಸಲ, ಇನ್ನೊಬ್ಬರದು 442 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಸಲ ನಾದ ಏರಿ ಇಳಿದು ವಾಂ ವಾಂ ಎನ್ನುತ್ತದೆ. ಮೂವರಾದರೆ ಆ ದೋಷ ಸ್ವಲ್ಪ ಮರೆಯಾಗುತ್ತದೆ, ಹತ್ತು ಜನರಾದರೆ ಅದೇ ಸೊಗಸಾಗುತ್ತದೆ. ಹಾಗಾಗಿ ಒಂದೇ ಸ್ವರಕ್ಕೆ ಒಬ್ಬರು, ಇಲ್ಲವೇ ಮೂವರು. ಇಬ್ಬರು ಬೇಡ.

ಕಟ್ಟಡವನ್ನೂ ಪರೀಕ್ಷಿಸಬೇಕಿತ್ತು. ಒಂದು ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿದ್ದ ಖಾಲಿ ಚರ್ಚಿನ ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಸದ್ದು ಪೂರ್ತಿ ಅಡಗಲು ಮೂರೂವರೆ ಸೆಕೆಂಡು. ಕಾವಲಿನವ ಇಣುಕಿ ನೋಡಿ ಏನೂ ಹೇಳದೆ ಹೋದ. ಈ ಲೆಕ್ಕವನ್ನು ಲೋಕಕ್ಕೆ ಕೊಟ್ಟವನು ಹಾರ್ವರ್ಡಿನ ವಾಲೇಸ್ ಸೇಬೈನ್ ಎಂಬ ಮೇಷ್ಟ್ರು. 1895ರಲ್ಲಿ ಅಲ್ಲಿಯ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಹೇಳಿದ ಮಾತು ಐದಾರು ಸೆಕೆಂಡು ಮೊಳಗಿ ಕಲಸಿಹೋಗುತ್ತಿತ್ತು. ಸರಿಮಾಡಲು ಅವನಿಗೆ ಹೇಳಿದರು. ಪಕ್ಕದ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹರಡುವುದು, ಆರ್ಗನ್ ಕೊಳವೆಯೊಂದನ್ನು ಊದಿಸಿ ಗಡಿಯಾರ ಹಿಡಿದು ಅಳೆಯುವುದು, ಬೆಳಗಾಗುವ ಮೊದಲು ದಿಂಬು ಮರಳಿಸುವುದು, ಇದು ಅವನ ಪ್ರಯೋಗ. ಸಿಕ್ಕ ಸೂತ್ರ ಸರಳ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಶಬ್ದ ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿ. ತೆರೆದ ಕಿಟಕಿಗೆ ಬಿದ್ದ ಶಬ್ದ ಮರಳಿ ಬಾರದು, ಆದ್ದರಿಂದ ಅವನ ಅಳತೆಯ ಮಾನವೇ ಒಂದು ತೆರೆದ ಕಿಟಕಿ. ಸೀರೆ ಪಂಚೆ ಉಟ್ಟು ಕೂತ ಮನುಷ್ಯರೂ ಶಬ್ದ ಹೀರುತ್ತಾರೆ, ಒಬ್ಬೊಬ್ಬರು ಸುಮಾರು ಅರ್ಧ ಚದರ ಮೀಟರಿನಷ್ಟು.

ನಮ್ಮ ಚರ್ಚು 25 ಮೀಟರ್ ಉದ್ದ, 12 ಅಗಲ, ಸರಾಸರಿ 8 ಎತ್ತರ. ಒಟ್ಟು 2400 ಘನ ಮೀಟರ್. ಖಾಲಿ ಇರುವಾಗ ಮೂರೂವರೆ ಸೆಕೆಂಡು ಮೊಳಗುವ ಜಾಗದಲ್ಲಿ ಮುನ್ನೂರೈವತ್ತು ನೆಂಟರನ್ನು ಕೂರಿಸಿ, ಮೇ ತಿಂಗಳ ಸೆಕೆಗೆ ಕಿಟಕಿಗಳನ್ನೆಲ್ಲ ತೆರೆದರೆ ಉಳಿಯುವುದು ಒಂದೂಕಾಲು ಸೆಕೆಂಡಿನ ಆಸುಪಾಸು. ಹಿಂದಿನ ದಿನದ ಅಭ್ಯಾಸದಲ್ಲಿ ದೇವದೂತರು ನುಡಿಸಿದಂತೆ ಕೇಳಿದ್ದು ಮದುವೆಯ ದಿನ ಒಣಗಿಹೋಯಿತು ಎಂದು ಜನ ಹೇಳುವುದಕ್ಕೆ ಇದೇ ಕಾರಣ. ವಾದ್ಯದವರದು ತಪ್ಪಿರುವುದಿಲ್ಲ, ನೆಂಟರು ನಾದವನ್ನು ಕುಡಿದಿರುತ್ತಾರೆ. ಅಭ್ಯಾಸದಲ್ಲಿ ತೀರಾ ಹಿತವೆನಿಸಿದ ವೇಗವನ್ನು ಮರುದಿನ ಒಂದು ಕೂದಲೆಳೆ ಹೆಚ್ಚಿಸಲು ಹೇಳಿ.

ಎಲ್ಲಿ ಕೂರಿಸುವುದೆಂಬುದೂ ಸಣ್ಣ ವಿಷಯವಲ್ಲ. ಫೋಟೋದವನ ಸಲಹೆಯಂತೆ ಪಿಟೀಲಿನವರು ಮುಖ್ಯ ಬಾಗಿಲ ಮೇಲಿನ ಅಟ್ಟದಲ್ಲಿ ಇರಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ನಮ್ಮ ಆರ್ಗನ್ ಇರುವುದು ಮುಂದೆ, ವೇದಿಯ ಎಡಕ್ಕೆ. ನಡುವೆ 22 ಮೀಟರು. ಮೇ ತಿಂಗಳ ಬಿಸಿ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 350 ಮೀಟರ್ ಓಡುತ್ತದೆ, ಅಂದರೆ ಆರ್ಗನ್ ಸ್ವರ ಅಟ್ಟ ತಲುಪಲು ಸೆಕೆಂಡಿನ ಹದಿನಾರನೆಯ ಒಂದು ಪಾಲು. ಅಷ್ಟೇ ತಾನೆ ಎನ್ನಬೇಡಿ. ಅದನ್ನು ಕೇಳಿ ಪಿಟೀಲಿನವರು ನುಡಿಸಿದ್ದು ಆರ್ಗನ್ ಬಳಿಗೆ ಮರಳುವಾಗ ಎಂಟನೆಯ ಒಂದು ಪಾಲು ತಡ. ಇವರು ಅವರಿಗೆ ಕಾಯುತ್ತಾರೆ, ಅವರು ಇವರಿಗೆ ಕಾಯುತ್ತಾರೆ, ಹಾಡು ಎತ್ತಿನಗಾಡಿಯಾಗುತ್ತದೆ. ಹೆಚ್ಚುವರಿ ವಾದ್ಯದವರು ಆರ್ಗನ್ ಮಗ್ಗುಲಲ್ಲೇ ಇರಬೇಕು, ಒಬ್ಬರ ಕೈ ಒಬ್ಬರಿಗೆ ಕಾಣುವಂತೆ. ಫೋಟೋ ಹೇಗಾದರೂ ಬರಲಿ.

ಇಷ್ಟೆಲ್ಲ ಅಳೆದ ಮೇಲೆ ಉಳಿದದ್ದು ಆರ್ಗನ್ ಶ್ರುತಿ. ಅದಕ್ಕೆ ಬೀಗ ಹಾಕಿರುತ್ತದೆ. ಕೀಲಿಕೈ ಯಾರ ಹತ್ತಿರ ಇರುತ್ತದೆಂದು ನೀವು ಊಹಿಸಬಲ್ಲಿರಿ.

ಆರ್ಗನ್ ಮಾಸ್ಟ್ರು ಕೀಲಿಕೈ ಕೊಡಲಿಲ್ಲ, ತಾವೇ ಎದ್ದು ಬಂದರು. ನಾನು ಫೋನಿನಲ್ಲಿ ಶ್ರುತಿ ಅಳೆಯುವ ತಂತ್ರಾಂಶ ತೆರೆದು ಹಿಡಿದೆ, ಅವರು ಇಂಗ್ಲಿಷಿನ ‘ಎ’ ಸ್ವರ ಒತ್ತಿದರು. 435. ಇಂದು ಲೋಕವೆಲ್ಲ ಒಪ್ಪಿರುವ ಮಾನ 440, ಅದು ಗಟ್ಟಿಯಾದದ್ದು 1939ರ ಲಂಡನ್ ಸಮ್ಮೇಳನದಲ್ಲಿ. ಅದಕ್ಕೂ ಹಿಂದೆ ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ ಗೊತ್ತುಪಡಿಸಿದ್ದು 435. ನಮ್ಮ ಆರ್ಗನ್ ಆ ಹಳೆಯ ಕಾನೂನನ್ನು ಇನ್ನೂ ಪಾಲಿಸುತ್ತಿದೆ.

“ಅದು ನನಗೆ ಗೊತ್ತುಂಟು” ಎಂದರು. “ಹಿಂದೊಮ್ಮೆ ಒಬ್ಬ ಟ್ರಂಪೆಟಿನವನನ್ನು ಕರೆಸಿದ್ದರು. ಅವ ಮೇಲೆ, ನಾನು ಕೆಳಗೆ. ಮದುವೆ ಹೇಗೋ ಆಯಿತು.”

ಅದಕ್ಕೆ ಕಾರಣ ನಮ್ಮ ಪಾಠದಲ್ಲೇ ಉಂಟು. ಊದುವ ವಾದ್ಯದ ಸ್ವರ ಒಳಗಿನ ಗಾಳಿಯ ಮೇಲೆ ನಿಂತದ್ದು. ಗಾಳಿ ಬಿಸಿಯಾದರೆ ಶಬ್ದದ ವೇಗ ಏರುತ್ತದೆ, ಶ್ರುತಿಯೂ ಏರುತ್ತದೆ. ಹಿತ್ತಾಳೆಯ ನಾಲಿಗೆ ಸೆಕೆಗೆ ಅಷ್ಟಾಗಿ ಜಗ್ಗುವುದಿಲ್ಲ. ಊದುವವರು ಕೊಳವೆಯನ್ನು ಎಳೆದು ಉದ್ದ ಮಾಡಿ ಸ್ವಲ್ಪ ಇಳಿಸಬಹುದು, ಆದರೆ 440ಕ್ಕೆಂದು ಮಾಡಿದ ವಾದ್ಯ ಮೇ ತಿಂಗಳಲ್ಲಿ 435ಕ್ಕೆ ಬಂದು ಅಲ್ಲೇ ನಿಲ್ಲುವುದು ಕಷ್ಟ. ತಂತಿ ವಾದ್ಯಕ್ಕೆ ಆ ಪಾಡಿಲ್ಲ. ಬಿರಡೆ ತಿರುಗಿಸಿದರೆ ಮುಗಿಯಿತು. ಟ್ರಂಪೆಟ್ ಪಟ್ಟಿಯಿಂದ ಹೋಯಿತು.

ಅವರು ಮುಚ್ಚಳ ಹಾಕಿ, ನನ್ನ ಮುಖ ನೋಡದೆ ಹೇಳಿದರು: “ನೀನು ಶ್ರುತಿ ನೋಡಲು ಬಂದವನಲ್ಲ. ಹೇಳಲು ಬಂದದ್ದನ್ನು ಹೇಳು.”

ನನಗೆ ಬಾಯಿ ಹೊರಡಲಿಲ್ಲ. ಅವರೇ ಮುಂದುವರಿಸಿದರು. ಕ್ರಿಸ್ಮಸ್ಸಿಗೆ ಹುಡುಗರು ನಕ್ಕದ್ದು ಕೇಳಿಸಿರಲಿಲ್ಲ, ಆದರೆ ಕಂಡಿತ್ತು. ಹೆಂಗಸರ ಹಾಡಿನ ಮಾತು ತಿಳಿಯುವುದಿಲ್ಲ, ಸಾಲು ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ, ಬೆರಳಿನ ರೂಢಿಯ ಮೇಲೆ ನುಡಿಸುತ್ತಿದ್ದೇನೆ ಎಂದರು. “ಕೀಬೋರ್ಡಿನವನನ್ನೇ ಕರೆಯಿರಿ. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.”

ನಾನು ಒಪ್ಪಿಕೊಂಡು ಬಂದುಬಿಟ್ಟಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಹುಡುಗಿ ಹೇಳೆಂದದ್ದನ್ನು ಅವರೇ ಹೇಳಿದ್ದರು. ಆದರೆ ಕೈಯಲ್ಲಿ ಫೋನಿತ್ತು. ಪ್ರತಿ ವರ್ಷ ತರಗತಿಯಲ್ಲಿ ಒಂದು ಆಟ ಆಡಿಸುತ್ತೇನೆ. ಫೋನಿನಿಂದ ಏರುತ್ತ ಹೋಗುವ ಸ್ವರ ಕೇಳಿಸಿ, ಯಾರಿಗೆ ಎಲ್ಲಿಯವರೆಗೆ ಕೇಳುತ್ತದೆಂದು ಕೈ ಎತ್ತಿಸುವುದು. ಹುಡುಗರು 16 ಸಾವಿರ ಹರ್ಟ್ಸ್ ದಾಟುತ್ತಾರೆ, ನನ್ನದು 12 ಸಾವಿರದ ಒಳಗೇ ನಿಲ್ಲುತ್ತದೆ, ಅವರಿಗೆ ನಗು. ವಯಸ್ಸಾದಂತೆ ಕಿವಿ ಮೇಲಿನಿಂದ ಕೆಳಕ್ಕೆ ಬಾಗಿಲು ಮುಚ್ಚುತ್ತ ಬರುತ್ತದೆ. ಅದೇ ಆಟವನ್ನು ಮಾಸ್ಟ್ರಿಗೆ ಆಡಿಸಿದೆ. 4000 ಏನೂ ಇಲ್ಲ. 2000 ಜೋರು ಮಾಡಿದರೆ ಸ್ವಲ್ಪ. 1000 ಪರವಾಗಿಲ್ಲ. 500, 250 ಚೆನ್ನಾಗಿಯೇ ಕೇಳಿತು.

ಸ, ಶ, ಫ ಇಂಥ ವ್ಯಂಜನಗಳ ಜೀವ ಇರುವುದು ಮೇಲಿನ ಆವೃತ್ತಿಗಳಲ್ಲಿ. ಅದು ಹೋದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಪಿಟೀಲಿನಲ್ಲೂ ಹಾಗೇ. ಕಮಾನು ತಂತಿಯನ್ನು ಕಚ್ಚಿ ಹಿಡಿಯುವ ಆ ಮೊದಲ ಕಿರುಸದ್ದು, ಸ್ವರ ಇಗೋ ಶುರುವಾಯಿತು ಎಂದು ಹೇಳುವಂಥದ್ದು, ಬಹುಪಾಲು ಮೇಲೆಯೇ ಇರುತ್ತದೆ. ನಾಲ್ಕು ಪಿಟೀಲು ತಂದರೂ ಮಾಸ್ಟ್ರಿಗೆ ಅವು ಮಂಜಿನಾಚೆ ನಿಂತ ನಾಲ್ಕು ಮರ. ಬೇಕಾದದ್ದು ಅವರ ಕಿವಿ ಇನ್ನೂ ತೆರೆದಿರುವ ಕಡೆಯಿಂದ ಬರುವ ವಾದ್ಯ.

ಹಾಗೆ ನಾನು ಆರಿಸಿದ್ದು ಚೆಲ್ಲೊ. ಪಿಟೀಲಿನ ವಂಶದ್ದೇ, ಆದರೆ ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡದು. ಅದರ ದಪ್ಪ ತಂತಿ ಸೆಕೆಂಡಿಗೆ 65 ಸಲ ಮಾತ್ರ ಕಂಪಿಸುತ್ತದೆ. ಜೊತೆಗೆ ಒಂದೇ ಒಂದು ಪಿಟೀಲು.

ಹುಡುಗಿಗೆ ಫೋನು ಮಾಡಿದೆ. ನಾಲ್ಕು ಪಿಟೀಲಿನ ಬದಲು ಒಂದು, ಟ್ರಂಪೆಟ್ ಇಲ್ಲ, ಕೀಬೋರ್ಡಿನ ಬದಲು ಮಾಸ್ಟ್ರು ಎಂದಾಗ ಅವಳು ಕೂಗಾಡಲಿಲ್ಲ. “ಚಿಕ್ಕಪ್ಪ, ನನಗೆ ಅವರ ಮೇಲೆ ಕೋಪ ಉಂಟು ಅಂತ ತಿಳಿಯಬೇಡಿ. ಆದರೆ ಮದುವೆ ಒಂದೇ ದಿನ. ನಾನು ನಡೆದು ಬರುವಾಗ ಹಿಂದಿನವರು ನಗಬಾರದು. ಅದು ದೊಡ್ಡ ಆಸೆಯಾ?” ಎಂದಳು. ದೊಡ್ಡ ಆಸೆ ಅಲ್ಲವೆಂದು ನನಗೂ ಗೊತ್ತಿತ್ತು. ಅವಳ ಮದುವೆಯನ್ನು ನನ್ನ ಪ್ರಯೋಗಶಾಲೆ ಮಾಡುವ ಹಕ್ಕು ನನಗಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹಿಂದಿನ ದಿನ ಅಭ್ಯಾಸ, ಅವಳೇ ಕೂತು ಕೇಳುತ್ತಾಳೆ. ಗಾಯನ ಮಂಡಳಿಯ ಕೀಬೋರ್ಡ್ ಹುಡುಗ ಸಿದ್ಧನಿರುತ್ತಾನೆ. ಅವಳು ಬೇಡ ಎಂದರೆ ಬೇಡ, ಮಾಸ್ಟ್ರಿಗೆ ನಾನೇ ಹೇಳುತ್ತೇನೆ.

ಚೆಲ್ಲೊ ನುಡಿಸುವ ಹೆಣ್ಣುಮಗಳು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಳು. ವಾದ್ಯಕ್ಕೂ ಒಂದು ಸೀಟಿನ ಟಿಕೆಟು ತೆಗೆಯಬೇಕಾಯಿತು, ಅಣ್ಣ ಅದನ್ನು ಇಂದಿಗೂ ಹೇಳುತ್ತಾನೆ. ಒಂದು ದಿನ ಮೊದಲೇ ಕರೆಸಿದ್ದು ಒಳ್ಳೆಯದೇ ಆಯಿತು. ಘಟ್ಟದ ಮೇಲಿನ ಒಣ ಹವೆಯಿಂದ ಕರಾವಳಿಯ ತೇವಕ್ಕೆ ಇಳಿದ ಮರ ಉಬ್ಬಿ, ಬಿರಡೆ ಬಿಗಿದು ಕೂತಿತ್ತು. ಅದನ್ನು ಒಲಿಸಿ 435ಕ್ಕೆ ತರಲು ಅರ್ಧ ದಿನ ಹಿಡಿಯಿತು. ಪಿಟೀಲಿನವರು ನಮ್ಮ ಊರಿನವರೇ.

ಅಭ್ಯಾಸ ಶುರುವಾಯಿತು. ಕೆಟ್ಟದಾಗಿಯೇ ಶುರುವಾಯಿತು. ಖಾಲಿ ಚರ್ಚಿನ ಮೊಳಗಿನಲ್ಲಿ ಎಲ್ಲ ಕಲಸಿಹೋಗಿ, ಮಾಸ್ಟ್ರು ಮೊದಲ ಹಾಡಿನಲ್ಲೇ ಅರ್ಧ ಸಾಲು ಹಿಂದೆ ಬಿದ್ದರು. ಎರಡನೆಯ ಸಲವೂ ಹಾಗೇ. ಹುಡುಗಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ನಾನು ಆ ಕಡೆ ತಿರುಗಲಿಲ್ಲ. ಕೀಬೋರ್ಡ್ ಹುಡುಗ ವಯರು ಬಿಚ್ಚತೊಡಗಿದ.

ಚೆಲ್ಲೊದವಳು ನೆಲ ನುಣುಪಾಗಿದೆ, ವಾದ್ಯ ಜಾರುತ್ತದೆ ಎಂದು ಕುರ್ಚಿಯನ್ನು ಆರ್ಗನ್ ಇರುವ ಮರದ ಜಗಲಿಯ ಮೇಲಕ್ಕೆ ಎಳೆದುಕೊಂಡಳು. ಚೆಲ್ಲೊದ ಕೆಳತುದಿಯಲ್ಲಿ ಒಂದು ಉಕ್ಕಿನ ಕಡ್ಡಿ ಇರುತ್ತದೆ, ಅದನ್ನು ನೆಲಕ್ಕೆ ಊರಿ ನುಡಿಸಬೇಕು. ಈಗ ಅದು ಹಲಗೆಗೆ ಊರಿತು. ದಪ್ಪ ತಂತಿಯ ಮೇಲೆ ಕಮಾನು ಎಳೆದಳು. ಮಾಸ್ಟ್ರು ತುಳಿಯುವುದನ್ನು ನಿಲ್ಲಿಸಿ ಬಗ್ಗಿ ತಮ್ಮ ಕಾಲು ನೋಡಿಕೊಂಡರು.

“ಇನ್ನೊಮ್ಮೆ ಎಳೆ ಮಗಾ” ಎಂದರು. ಎಳೆದಳು. ಅವರು ಚಪ್ಪಲಿ ಕಳಚಿ ಬದಿಗಿಟ್ಟರು.

ಕಡ್ಡಿಯ ಮೂಲಕ ಕಂಪನ ಹಲಗೆಗೆ, ಹಲಗೆಯಿಂದ ಪೆಡಲಿಗೆ, ಪೆಡಲಿನಿಂದ ಪಾದಕ್ಕೆ. ಇದನ್ನು ನಾನು ಲೆಕ್ಕಹಾಕಿರಲಿಲ್ಲ, ಹಾಕಿದ್ದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನಾನು ಯೋಚಿಸಿದ್ದು ಅವರ ಕಿವಿಯನ್ನು ಮಾತ್ರ. ಆಮೇಲಿನ ಮೂರು ಹಾಡು ಸರಿಯಾಗಿ ಬಂದವು. ಹುಡುಗಿ ಎದ್ದು ಬಂದು ಕೀಬೋರ್ಡಿನವನಿಗೆ, “ನೀನು ನಾಳೆ ಊಟಕ್ಕೆ ಬಾ” ಎಂದಳು.

ಮದುವೆಯ ದಿನ ಎಲ್ಲವೂ ಸರಾಗ ಎಂದೇನೂ ಅಲ್ಲ. ಫ್ಯಾನಿನ ಗಾಳಿಗೆ ಸ್ವರದ ಕಾಗದ ಹಾರಿ ಬಟ್ಟೆಯ ಕ್ಲಿಪ್ಪಿಗೆ ಓಡಬೇಕಾಯಿತು. ಆ ಫ್ಯಾನುಗಳ ಸದ್ದನ್ನು ನಾನು ಯಾವ ಲೆಕ್ಕಕ್ಕೂ ತೆಗೆದುಕೊಂಡಿರಲಿಲ್ಲ. ಎರಡನೆಯ ಹಾಡು ಮುಗಿದು ಸಭೆ ಕೂತ ಮೇಲೆ ಮಾಸ್ಟ್ರು ಕ್ರಿಸ್ಮಸ್ಸಿನ ದಿನದಂತೆಯೇ ಕೊನೆಯ ಸಾಲನ್ನು ಮತ್ತೆ ಹಿಡಿದರು. ನನ್ನ ಎದೆ ಹಾರಿತು. ಚೆಲ್ಲೊದವಳು ಒಂದು ಕ್ಷಣ ಅವರ ಕೈ ನೋಡಿ ಕಮಾನು ಎತ್ತಿ ಜೊತೆಗೂಡಿದಳು, ಅವಳ ಹಿಂದೆ ಪಿಟೀಲಿನವರು. ಮೂವರೂ ಸೇರಿ ಸಾಲು ಮುಗಿಸಿದರು. ಹೀಗೇ ಏರ್ಪಾಡು ಎಂದು ಎಲ್ಲರೂ ತಿಳಿದರು. ನನ್ನ ಪಕ್ಕದ ನೆಂಟರೊಬ್ಬರು ಚೆನ್ನಾಗಿದೆ ಎಂದು ತಲೆಯಾಡಿಸಿದರು.

ಹೆಚ್ಚುವರಿ ವಾದ್ಯದವರು ನಿಜವಾಗಿ ಬೇಕಾಗುವುದು ಎಲ್ಲಿ ಗೊತ್ತೇ? ಮೆರವಣಿಗೆಗಲ್ಲ, ಸಭೆಯ ಹಾಡಿಗೂ ಅಲ್ಲ. ಪ್ರತಿಜ್ಞೆಯಾದ ಮೇಲೆ ವಧೂವರರು, ಸಾಕ್ಷಿಗಳು ರಿಜಿಸ್ಟರಿಗೆ ಸಹಿ ಹಾಕುವ ಆ ಎಂಟು ಹತ್ತು ನಿಮಿಷ. 1872ರ ಕ್ರೈಸ್ತ ವಿವಾಹ ಕಾಯಿದೆಯ ಕೆಲಸ ಅದು, ಭಕ್ತಿಯ ಕೆಲಸವಲ್ಲ. ಸಭೆ ಹರಟೆಗೆ ಇಳಿಯುವುದು ಆಗಲೇ. ಪಾಕೆಲ್ಬೆಲ್ಲನ ‘ಕ್ಯಾನನ್’ ಅಲ್ಲಿಗೆ ಇಟ್ಟಿದ್ದೆವು. ಮೂಲದಲ್ಲಿ ಅದು ಮೂರು ಪಿಟೀಲಿನದು, ಒಂದರ ಹಿಂದೊಂದು ಅದೇ ರಾಗ ಹಿಡಿದು ಓಡುವಂಥದ್ದು. ನಮ್ಮಲ್ಲಿ ಒಂದನ್ನು ಪಿಟೀಲು ನುಡಿಸಿತು, ಉಳಿದೆರಡನ್ನು ಮಾಸ್ಟ್ರ ಬಲಗೈ ಹಿಡಿದಷ್ಟು ಹಿಡಿಯಿತು. ಅದರಲ್ಲಿ ಚೆಲ್ಲೊದ ಪಾಲಿಗೆ ಬರುವುದು ಎಂಟೇ ಸ್ವರ. ಅದೇ ಎಂಟನ್ನು 28 ಸಲ ನುಡಿಸಬೇಕು. ಲೋಕದ ಚೆಲ್ಲೊದವರೆಲ್ಲ ಆ ಕೃತಿಯನ್ನು ಶಪಿಸುತ್ತಾರಂತೆ. ಮಾಸ್ಟ್ರಿಗೆ ಬರಿಗಾಲಿನಲ್ಲಿ ಹಿಡಿದು ನಡೆಯಲು ಅದಕ್ಕಿಂತ ಒಳ್ಳೆಯ ಕೈಮರ ಬೇಕಿರಲಿಲ್ಲ.

ಎಲ್ಲ ಮುಗಿದು ಜನ ಹಾಲಿನ ಕಡೆ ಹೊರಟರು, ಆಚೆಯಿಂದ ಸ್ಯಾಕ್ಸೊಫೋನ್ ಕೇಳಿಸತೊಡಗಿತು. ವಾದ್ಯದವರಿಗೆ ಕವರು ಕೊಡಲು ನಾನು ಒಳಗೆ ಹೋದೆ. ಮಾಸ್ಟ್ರು ಆರ್ಗನ್‌ಗೆ ಬೀಗ ಹಾಕಿ ಚೆಲ್ಲೊದವಳ ಎದುರು ನಿಂತಿದ್ದರು. ಒಮ್ಮೆ ದಪ್ಪ ತಂತಿ ಎಳೆಯಲು ಹೇಳಿ, ವಾದ್ಯದ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅವಳು ಎಳೆದಳು. ಹುಡುಗಿ ಮದುವೆಯ ಸೀರೆಯಲ್ಲಿ ಬಾಗಿಲ ಬಳಿ ಬಂದು, “ಮಾಸ್ಟ್ರೇ, ಫೋಟೋಕ್ಕೆ ಬನ್ನಿ” ಎಂದು ಕರೆದಳು. ಅವರಿಗೆ ಕೇಳಿಸಲಿಲ್ಲ. ಅವಳು ಎರಡನೆಯ ಸಲ ಕರೆಯದೆ ಬೆಂಚಿನ ತುದಿಯಲ್ಲಿ ಕೂತಳು.